ಅಜ್ಜಿಯ ನೋಟ್‌ಬುಕ್‌ನ ವಚನ ಯಾರದ್ದು?

ನೋಟ್‌ಬುಕ್‌ನಲ್ಲಿ ಬಸವಣ್ಣ ಅಂತಿದೆ, ವಾಟ್ಸಾಪ್‌ನಲ್ಲಿ ಅದೇ ವಚನ ಚೆನ್ನಬಸವಣ್ಣನ ಹೆಸರಲ್ಲಿ ಬಂದಿದೆ ಅಂದಿದ್ದೀರಿ. ಬಹುಶಃ ಅಂಕಿತ, ಅಂದರೆ ವಚನದ ಕೊನೆಯಲ್ಲಿ ವಚನಕಾರರ ಸಹಿಯಂತೆ ಬರುವ ದೇವರ ಹೆಸರು, ಅದಲುಬದಲಾಗಿದೆ. ಬಸವಣ್ಣನದು ಕೂಡಲಸಂಗಮದೇವ, ಚೆನ್ನಬಸವಣ್ಣನದು ಕೂಡಲಚೆನ್ನಸಂಗಮದೇವ. ಬಾಯಿಂದ ಬಾಯಿಗೆ ಬರುವಾಗ ನಡುವಿನ 'ಚೆನ್ನ' ಬಿದ್ದುಹೋದರೆ ಮುಗೀತು. ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ, ಸಿದ್ಧರಾಮನ ಕಪಿಲಸಿದ್ಧಮಲ್ಲಿಕಾರ್ಜುನ ಇವೆರಡರಲ್ಲೂ ಇದೇ ಗೋಳು.

ಮೊದಲು ಅಜ್ಜಿ ಬರೆದದ್ದನ್ನು ತಿದ್ದದೆ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಕೊನೆಯ ಸಾಲು ನೋಡಿ, ಮೇಲೆ ಬರೆದ ಹೆಸರನ್ನಲ್ಲ, ಯಾಕಂದ್ರೆ ಹೆಸರು ನಂತರ ಯಾರೋ ಸೇರಿಸಿದ್ದಿರಬಹುದು ಆದರೆ ಅಂಕಿತ ವಚನದ ಒಳಗೇ ಕೂತಿರುತ್ತದೆ. ಅಲ್ಲಿ 'ಲಿಂಗದೇವ' ಅಂತಿದ್ದರೆ ಗಾಬರಿ ಬೇಡ, 1990ರ ದಶಕದಲ್ಲಿ ಬಸವಣ್ಣನ ಅಂಕಿತವನ್ನು ಹಾಗೆ ಬದಲಿಸಿ ಅಚ್ಚು ಹಾಕಿದ್ದರು, ದೊಡ್ಡ ಜಗಳವೇ ಆಯ್ತು. ಪುರಂದರವಿಠಲ ಅಂತಿದ್ದರೆ ಅದು ವಚನವೇ ಅಲ್ಲ, ದಾಸರ ಪದ. ಮನೆಯ ನೋಟ್‌ಬುಕ್‌ಗಳಲ್ಲಿ ಎರಡೂ ಬೆರೆತಿರುತ್ತವೆ.

ಕೊನೆಗೆ ಮೊದಲ ಸಾಲು ಹಿಡಿದು ಸರ್ಕಾರದ ಸಮಗ್ರ ವಚನ ಸಂಪುಟದಲ್ಲಿ ಹುಡುಕಿ, ಒಟ್ಟು 15 ಸಂಪುಟ, ದೊಡ್ಡ ಲೈಬ್ರರಿಗಳಲ್ಲಿ ಸಿಗುತ್ತದೆ. ವಚನ ಸಂಚಯ ಜಾಲತಾಣದಲ್ಲಿ ಒಂದು ಪದ ಕೊಟ್ಟರೂ ಸಾಕು. ಅಜ್ಜಿಯ ಕಾಗುಣಿತ ಬೇರೆ ಇರಬಹುದು, ಹಾಗಾಗಿ ಇಡೀ ಸಾಲು ಹಾಕಬೇಡಿ, ಅಪರೂಪದ ಒಂದೆರಡು ಪದ ಮಾತ್ರ ಹಾಕಿ.

ಅಲ್ಲೂ ಸಿಗದಿದ್ದರೆ ಅದು ನಂತರದವರು ಕಟ್ಟಿದ್ದಿರಬಹುದು, ಪುಟ ನೋಡದೆ ಖಚಿತವಾಗಿ ಹೇಳಲಾರೆ. ಆ ಕೊನೆಯ ಸಾಲನ್ನು ಇಲ್ಲೇ ಟೈಪ್ ಮಾಡಿ ಹಾಕಿ.