ರಾತ್ರಿ ಎದ್ದು ಕೂರುವುದು ಗಾಬರಿಗೋ, ನೀರು ತುಂಬಿಯೋ?

ಪ್ರಶ್ನೆ: ತಂದೆಗೆ 66 ವರ್ಷ. ಹೃದಯದ ಪಂಪಿಂಗ್ ಕಡಿಮೆಯಾಗಿ ಎರಡು ವರ್ಷದಿಂದ ಮಾತ್ರೆ ನಡೆದಿದೆ. ಮಳೆ ಹಿಡಿದಾಗಿನಿಂದ ಊಟ ಸೇರುತ್ತಿಲ್ಲ, ಮಾತೂ ಕಡಿಮೆ. ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಇಂಚು ಬರೆಯುತ್ತಿದ್ದವರು ಅದನ್ನೂ ಬಿಟ್ಟಿದ್ದಾರೆ. ರಾತ್ರಿ ಗಾಬರಿಯಾಗಿ ಎದ್ದು ಕೂರುತ್ತಾರೆ. ಪರಿಚಯದವರೊಬ್ಬರು ತಮ್ಮ ನಿದ್ರೆ ಮಾತ್ರೆ ಕೊಟ್ಟು ನೋಡಿ ಎನ್ನುತ್ತಾರೆ. ಕೊಡಬಹುದೇ?
– ಓದುಗರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಕೊಡಬೇಡಿ. ಮಲಗಿ ಒಂದೆರಡು ಗಂಟೆಗೆ ಉಸಿರು ಕಟ್ಟಿ ಎದ್ದು, ಕಾಲು ಇಳಿಬಿಟ್ಟು ಕೂತ ಮೇಲೆ ಹಗುರವಾದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ ಎಂದೇ ಮೊದಲು ಅನುಮಾನಿಸಬೇಕು. ಒಂದು ದಿಂಬು ಮೂರಾಗಿದೆಯೇ, ಪಾದ ಒತ್ತಿದರೆ ಗುಳಿ ಬೀಳುತ್ತದೆಯೇ ನೋಡಿ. ಮನಸ್ಸಿನ ಗಾಬರಿಯಲ್ಲಿ ಬೆರಳು ಜುಮ್ಮೆನ್ನುವುದುಂಟು, ಹಗಲು ಸುಮ್ಮನೆ ಕೂತಾಗಲೂ ಬರುವುದುಂಟು. ಎರಡೂ ಒಟ್ಟಿಗೆ ಇರಬಹುದಾದ್ದರಿಂದ ಮನೆಯಲ್ಲೇ ತೀರ್ಮಾನ ಬೇಡ.

ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಆ ಮಳೆ ಡೈರಿಯಲ್ಲೇ ಬರೆಯಲಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅದೇ ಹಗಲು ವೈದ್ಯರ ಬಳಿ ಹೋಗಿ. ಕತ್ತಲಾದ ಮೇಲೆ ಮರ ಬಿದ್ದು ದಾರಿ ಮುಚ್ಚಿದರೆ ಕಷ್ಟ. ಕೂತರೂ ಉಸಿರು ಇಳಿಯದಿದ್ದರೆ ತಕ್ಷಣ 108. ಮಳೆಗಾಲದ ಒಣಮೀನು, ಹಂದಿ ಉಪ್ಪಿನಕಾಯಿ ನಿಲ್ಲಿಸಿ. ದಿನದ ಉಪ್ಪು ಎಲ್ಲ ಸೇರಿ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ ದಾಟಬಾರದು.

ಇನ್ನು ಮಂಕು. ಸುಸ್ತು, ಹಸಿವಿಲ್ಲದಿರುವುದು, ನಿದ್ರೆ ಕೆಡುವುದು ಹೃದಯದ ಕಾಯಿಲೆಯಲ್ಲೂ ಇರುವುದರಿಂದ ಅವು ಖಿನ್ನತೆಗೆ ಸಾಕ್ಷಿಯಾಗವು. ಡೈರಿಯ ಮಾತು ನಮಗೆ ಹೆಚ್ಚು ಮುಖ್ಯವಾಗಿ ಕಂಡಿತು: ತೋಟ ಸುತ್ತಲು ಏದುಸಿರು ಅಡ್ಡ ಬರುತ್ತದೆ, ಇಂಚು ಬರೆಯಲು ಅದು ಅಡ್ಡ ಬರುವುದಿಲ್ಲ. ಎರಡು ವಾರದಿಂದ ಹೆಚ್ಚಿನ ದಿನ ಇಷ್ಟದ ಕೆಲಸ ಬೇಡವೆನಿಸಿದೆಯೇ, ಮನಸ್ಸು ಕುಗ್ಗಿದೆಯೇ ಎಂದು ಕೇಳಿ. ಹೌದೆಂದರೆ ಖಿನ್ನತೆಯ ತಪಾಸಣೆ ಆಗಲೇಬೇಕು. ಜತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಸೋಡಿಯಂ ಪರೀಕ್ಷೆಯೂ ಇರಲಿ.

ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಖಿನ್ನತೆ ಮಾತ್ರೆ ಹೃದಯದ ಲಯ ಕೆಡಿಸಬಲ್ಲದು. ಖಿನ್ನತೆಯ ಇನ್ನೊಂದು ಮಾತ್ರೆ ಸರ್ಟ್ರಲಿನ್ ಇಂಥವರಿಗೆ ಸುರಕ್ಷಿತವೆಂದು 2010ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು, ಆದರೆ ಖಿನ್ನತೆ ಇಳಿಸುವುದರಲ್ಲಿ ಅದು ಔಷಧವಿಲ್ಲದ ಹುಸಿಮಾತ್ರೆಯನ್ನು ಮೀರಲಿಲ್ಲ. ಮಾತಿನ ಚಿಕಿತ್ಸೆ ಮತ್ತು ನಡಿಗೆಗೇ ನಮ್ಮ ಒಲವು. ವೈದ್ಯರು ಒಪ್ಪಿದರೆ ಜಗಲಿಯಲ್ಲೇ ಐದು ನಿಮಿಷ, ದಿನಕ್ಕೆರಡು ಸಲ, ಮಾತಾಡುತ್ತಾ ನಡೆಯುವಷ್ಟು ನಿಧಾನ. ಖಿನ್ನತೆಗೆ ಮಾತ್ರೆ ಬರೆದರೆ ಎರಡು ವಾರದೊಳಗೆ ಸೋಡಿಯಂ ಮತ್ತೆ ನೋಡಿಸಿ. ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯ ಜತೆ ಸೋಡಿಯಂ ಕುಸಿದು ಮಂಪರು, ಗೊಂದಲ ಬರಬಹುದು.

‘ಇದ್ದೇನು ಪ್ರಯೋಜನ’ ಎಂಬ ಮಾತು ಬಂದರೆ ತೋಟದ ಔಷಧಿ ಇಡುವ ಕೋಣೆಗೆ ಬೀಗ ಹಾಕಿ, ಒಬ್ಬರನ್ನೇ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಹೃದಯಕ್ಕೆ ಕೊಟ್ಟ ಮೆಟೊಪ್ರೊಲಾಲ್‌ನಿಂದಲೇ ಮಂಕು ಬರುತ್ತದಂತೆ, ನಿಲ್ಲಿಸಲೇ?
– ಓದುಗರು, ಗೋಣಿಕೊಪ್ಪ

ಉತ್ತರ: ಸುಸ್ತು, ವಿಚಿತ್ರ ಕನಸು ಬರುವುದುಂಟು, ಖಿನ್ನತೆಯ ಆರೋಪ ಮಾತ್ರ ಪರೀಕ್ಷೆಗಳಲ್ಲಿ ನಿಂತಿಲ್ಲ. ಒಮ್ಮೆಲೇ ಬಿಟ್ಟರೆ ನಾಡಿ ಓಡತೊಡಗಿ ಹೃದಯಕ್ಕೆ ಅಪಾಯ. ಡೋಸ್ ಅಥವಾ ಹೊತ್ತು ಬದಲಿಸಬಹುದೇ ಎಂದು ಬರೆದುಕೊಟ್ಟವರನ್ನೇ ಕೇಳಿ.