ಸಹಿಗೆ ಮುಂಚೆ ಹಣದ ಮಾತಾಗಲಿ

ಪ್ರಶ್ನೆ: ನಾವು ಬೆಂಗಳೂರಿನವರು. ಮಗಳು ದ್ವಿತೀಯ ಪಿಯು ವಿಜ್ಞಾನ, ಮಗ ಎಂಟನೇ ತರಗತಿ. ಯಜಮಾನರು ಬ್ಯಾಂಕಿನಲ್ಲಿದ್ದಾರೆ, ಇನ್ನು ಐದು ವರ್ಷಕ್ಕೆ ನಿವೃತ್ತಿ. ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವನವರು ಮಗಳನ್ನು ಅಮೆರಿಕಕ್ಕೆ ಕಳಿಸಿ ಎನ್ನುತ್ತಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ 'ಅರ್ಲಿ ಡಿಸಿಶನ್' ಅರ್ಜಿ ಹಾಕಿದರೆ ಸೀಟು ಸಿಗುವ ಅವಕಾಶ ಹೆಚ್ಚಂತೆ. ನವೆಂಬರ್ 1 ಕೊನೆಯ ದಿನ. ಸೀಟು ಸಿಕ್ಕರೆ ಅಲ್ಲಿಗೇ ಹೋಗುತ್ತೇವೆ, ಬೇರೆ ಅರ್ಜಿಗಳನ್ನೆಲ್ಲ ಹಿಂದೆ ತೆಗೆಯುತ್ತೇವೆ ಎಂದು ಹೆತ್ತವರೂ ಸಹಿ ಹಾಕಬೇಕು. ಹಣದ ನೆರವು ಬೇಡ ಎಂದೇ ತುಂಬಿ, ಬೇಕು ಎಂದರೆ ಸೀಟು ಕೈತಪ್ಪುತ್ತದೆ, ಆಮೇಲೆ ನೋಡಿಕೊಳ್ಳೋಣ ಎನ್ನುತ್ತಾರೆ ಭಾವ. ಯಜಮಾನರು ಮೈಸೂರಿನ ಸೈಟು ಮಾರಿದರಾಯಿತು ಎನ್ನುತ್ತಾರೆ. ಅದಕ್ಕೆ ಒಂದೂಕಾಲು ಕೋಟಿ ಬರಬಹುದು. ಹೋದ ತಿಂಗಳವರೆಗೆ ಮಗಳ ಬಾಯಲ್ಲಿ ಆ ಕಾಲೇಜಿನ ಹೆಸರೇ ಇರಲಿಲ್ಲ. ಈಗ 'ದೊಡ್ಡಪ್ಪ ಹೇಳಿದ ಹಾಗೆ ಮಾಡೋಣಮ್ಮ' ಎಂದು ಹಟ ಹಿಡಿದಿದ್ದಾಳೆ. ಯಜಮಾನರು ಫಾರ್ಮಿಗೆ ನೀನೇ ಸಹಿ ಹಾಕು ಎಂದು ನನ್ನ ಮುಂದೆ ಇಟ್ಟಿದ್ದಾರೆ. ಬೇಡ ಎಂದರೆ ಮಗಳ ಭವಿಷ್ಯಕ್ಕೆ ಅಡ್ಡ ಬಂದವಳಾಗುತ್ತೇನೆ. ಸುಮ್ಮನಿದ್ದರೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಅಮ್ಮಾ,

ನೆರವು ಬೇಡ ಎಂದು ತುಂಬಿದ ಅರ್ಜಿಗೆ ಸಹಿ ಹಾಕಬೇಡಿ. ನೆರವು ಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು, ವರ್ಷಕ್ಕೆ ಎಷ್ಟರವರೆಗೆ ಕೊಡಬಲ್ಲಿರಿ ಎಂದು ಮನೆಯಲ್ಲಿ ತೀರ್ಮಾನಿಸಿ, ಆಮೇಲೂ ಮಗಳಿಗೆ ಅದೇ ಕಾಲೇಜು ಬೇಕೆನಿಸಿದರೆ ಸಂತೋಷವಾಗಿ ಹಾಕಿ. ಈಗ ಆಗಸ್ಟ್ ಅಷ್ಟೇ. ಇಷ್ಟನ್ನೂ ಮಾಡಲು ಕಾಲಾವಕಾಶವಿದೆ.

ಭಾವನವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಖಂಡಿತ ಬರುತ್ತೇನೆ ಎಂದು ಮಾತು ಕೊಡುವ ಮಕ್ಕಳು ಅಲ್ಲಿನ ಖಾಸಗಿ ಕಾಲೇಜುಗಳಿಗೆ ಬೇಕು. ಕೆಲವು ಕಡೆ ಮೊದಲ ವರ್ಷದ ಸೀಟುಗಳಲ್ಲಿ ಅರ್ಧದಷ್ಟು ಇಂಥವರಿಗೇ ಹೋಗುತ್ತವೆ. ಆದರೆ ಆ ಗುಂಪಿನಲ್ಲಿ ಕಾಲೇಜು ತಂಡಗಳಿಗೆ ಮೊದಲೇ ಆರಿಸಿಕೊಂಡ ಕ್ರೀಡಾಪಟುಗಳೂ ಇರುತ್ತಾರೆ. ಹಾಗಾಗಿ ಹೊರಗೆ ಕಾಣುವ ಶೇಕಡಾವಾರು ಲೆಕ್ಕದಷ್ಟು ಲಾಭ ನಿಮ್ಮ ಮಗಳಿಗೆ ಸಿಗುವುದಿಲ್ಲ. ವಿದೇಶಿ ಮಕ್ಕಳು ನೆರವು ಕೇಳಿದರೆ ಕಾರ್ನೆಲ್ ಅದನ್ನೂ ಗಣನೆಗೆ ತೆಗೆದುಕೊಂಡೇ ಸೀಟು ತೀರ್ಮಾನಿಸುತ್ತದೆ ಎನ್ನುವುದೂ ನಿಜ.

ಅವರು ತಪ್ಪುತ್ತಿರುವುದು 'ಆಮೇಲೆ ನೋಡಿಕೊಳ್ಳೋಣ' ಎನ್ನುವಲ್ಲಿ. ಅರ್ಜಿಯ ಹೊತ್ತಿನಲ್ಲಿ ನೆರವು ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದೆ ಕೇಳುವ ದಾರಿಯನ್ನು ಅಲ್ಲಿನ ಬಹಳಷ್ಟು ಕಾಲೇಜುಗಳು ಮುಚ್ಚಿಬಿಡುತ್ತವೆ. ಅರ್ಲಿ ಡಿಸಿಶನ್‌ನಲ್ಲಿ ಒಂದು ಬಿಡುಗಡೆಯ ಬಾಗಿಲಿದೆ: ಕಾಲೇಜು ಕೊಟ್ಟ ನೆರವು ಸಾಲದೆ ಓದಿಸಲು ಸಾಧ್ಯವೇ ಇಲ್ಲವಾದರೆ, ಕಾರಣ ಹೇಳಿ ಆ ಮಾತಿನಿಂದ ಹೊರಬರಬಹುದು. ನೆರವೇ ಬೇಡ ಎಂದು ಬರೆದುಕೊಟ್ಟವರು ಆ ಬಾಗಿಲ ಮುಂದೆ ನಿಂತು ಏನು ಹೇಳಿಯಾರು? ನೀವು ಮಾತು ತಪ್ಪಿದರೆ ಪೊಲೀಸರೇನೂ ಬರುವುದಿಲ್ಲ. ಆದರೆ ಆ ಒಪ್ಪಂದದಲ್ಲಿ ನಿಮ್ಮ ಜತೆ ಮಗಳ ಸಹಿಯೂ ಇರುತ್ತದೆ, ಅವಳ ಪಿಯು ಕಾಲೇಜಿನ ಪರವಾಗಿ ಪ್ರಾಂಶುಪಾಲರ ಸಹಿಯೂ ಇರುತ್ತದೆ. ಮುಂದಿನ ವರ್ಷ ಅದೇ ಪಿಯು ಕಾಲೇಜಿನಿಂದ ಅರ್ಜಿ ಹಾಕುವ ಮಕ್ಕಳ ಮೇಲೆ ಅದರ ನೆರಳು ಬೀಳಬಹುದು.

ಈಗ ಲೆಕ್ಕ. ಕಾರ್ನೆಲ್‌ನಲ್ಲಿ ಫೀಸು, ವಸತಿ, ಊಟ ಎಲ್ಲ ಸೇರಿ ವರ್ಷದ ಖರ್ಚು 90 ಸಾವಿರ ಡಾಲರ್ ದಾಟಿದೆ. ನಾಲ್ಕು ವರ್ಷಕ್ಕೆ ನಮ್ಮ ಹಣದಲ್ಲಿ ಮೂರು ಕೋಟಿಗೂ ಮೇಲೆ. ಸೈಟಿನಿಂದ ಬರುವುದು ಒಂದೂಕಾಲು ಕೋಟಿ, ಅಂದರೆ ಎರಡನೇ ವರ್ಷ ಮುಗಿಯುವ ಮುಂಚೆಯೇ ಅದು ಕರಗುತ್ತದೆ. ವೀಸಾಕ್ಕೆ ಮೊದಲ ವರ್ಷದ ಹಣ ತೋರಿಸಿದರೆ ಸಾಕು ಎಂದು ಧೈರ್ಯ ಹೇಳುವವರು ಸಿಗುತ್ತಾರೆ. ಉಳಿದ ವರ್ಷಗಳ ಹಣ ತೋರಿಸಬೇಕಾಗಿಲ್ಲ, ಕಟ್ಟಬೇಕಾಗುತ್ತದೆ. ಮಗಳು ಕೊನೆಯ ವರ್ಷದಲ್ಲಿರುವಾಗ ನಿಮ್ಮ ಮಗ ದ್ವಿತೀಯ ಪಿಯು ಓದುತ್ತಿರುತ್ತಾನೆ, ಅದರ ಬೆನ್ನಿಗೇ ಯಜಮಾನರ ನಿವೃತ್ತಿ. ನಿಮ್ಮ ನಿದ್ದೆ ಕೆಟ್ಟಿರುವುದು ಸುಮ್ಮನೆ ಅಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಈ ಲೆಕ್ಕವನ್ನು ನೀವೊಬ್ಬರೇ ಮನಸ್ಸಿನಲ್ಲಿ ಹಾಕುತ್ತಿದ್ದೀರಿ. ಅದಕ್ಕಾಗಿ ನಿಮ್ಮನ್ನು ಅಡ್ಡ ಬಂದವಳು ಎನ್ನುವ ಹಕ್ಕು ಯಾರಿಗೂ ಇಲ್ಲ.

ಗೌರಿ ಹಬ್ಬದೊಳಗೆ ಒಂದು ಸಂಜೆ ನೀವು, ಯಜಮಾನರು, ಮಗಳು ಮೂವರೂ ಕೂತು ಈ ಅಂಕಿಗಳನ್ನು ಕಾಗದದ ಮೇಲೆ ಬರೆಯಿರಿ. ಮಗಳನ್ನು ಆಚೆ ಕಳಿಸಬೇಡಿ. ಹದಿನೇಳರ ಹುಡುಗಿಗೆ ಅಪ್ಪನ ಸಂಬಳ, ಪಿಎಫ್, ಸೈಟು, ಸಾಲ ಎಲ್ಲ ಗೊತ್ತಾಗಲಿ. ಹೇಗೂ ನೆರವು ಕೇಳುವವರು ಅಕ್ಟೋಬರ್ 1ರಿಂದ ತೆರೆಯುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿಯಲ್ಲಿ ಮನೆಯ ಆದಾಯ, ಉಳಿತಾಯ, ಮೈಸೂರಿನ ಸೈಟು ಎಲ್ಲವನ್ನೂ ತೋರಿಸಬೇಕು. ಸಾಲ ಸೇರಿ ವರ್ಷಕ್ಕೆ ಇಷ್ಟು, ಇದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ ಎಂಬ ಮೊತ್ತ ಆ ಸಂಜೆ ನಿಗದಿಯಾಗಲಿ. ಡಿಸೆಂಬರ್‌ನಲ್ಲಿ ಸೀಟು ಸಿಕ್ಕಿದ ಸಂಭ್ರಮದಲ್ಲಿ ಆ ಮೊತ್ತ ಏರಬಾರದು.

ಇನ್ನು ಮಗಳ ಇಷ್ಟ. ಒಂದೇ ತಿಂಗಳಲ್ಲಿ ಹುಟ್ಟಿದ ಆಸೆ ಸುಳ್ಳೇ ಆಗಿರಬೇಕೆಂದಿಲ್ಲ, ಆದರೆ ದೊಡ್ಡಪ್ಪನ ಮಾತಿನ ಬಲ ಎಷ್ಟು, ಅವಳದೇ ಒಲವು ಎಷ್ಟು ಎಂದು ನೋಡಲೇಬೇಕು. ಅವಳು ಸೇರಬೇಕೆಂದಿರುವ ವಿಭಾಗದಲ್ಲಿ ಏನೇನು ಕಲಿಸುತ್ತಾರೆ ಎಂದು ಅವಳೇ ಓದಿ ನಿಮಗೆ ಹೇಳಲಿ. ಕಾರ್ನೆಲ್ ಇರುವ ಇಥಾಕಾ ಚಿಕ್ಕ ಊರು, ನ್ಯೂಯಾರ್ಕ್ ನಗರದಿಂದ ಬಸ್ಸಿನಲ್ಲಿ ನಾಲ್ಕೈದು ಗಂಟೆಯ ದಾರಿ. ಚಳಿಗಾಲ ಉದ್ದ, ಹಿಮ ಜೋರು. ನ್ಯೂಜೆರ್ಸಿಯ ದೊಡ್ಡಪ್ಪ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇರುವುದಿಲ್ಲ. ಇದೆಲ್ಲ ತಿಳಿದ ಮೇಲೂ ಸೆಪ್ಟೆಂಬರ್ ಕೊನೆಗೆ ಅವಳು ತನ್ನದೇ ಕಾರಣಗಳನ್ನು ಹೇಳಿದರೆ ನವೆಂಬರ್ 1ಕ್ಕೆ ಹಾಕಲಿ. ತಡವರಿಸಿದರೆ ಕಾರ್ನೆಲ್‌ಗೇ ಜನವರಿ ಮೊದಲ ವಾರದ ಸಾಮಾನ್ಯ ಸುತ್ತಿನಲ್ಲಿ ಹಾಕಲಿ. ಅಲ್ಲಿ ಯಾವ ಮಾತಿನ ಕಟ್ಟೂ ಇಲ್ಲ. ಮಾರ್ಚ್ ಕೊನೆಯ ಹೊತ್ತಿಗೆ ಫಲಿತಾಂಶ ಬರುತ್ತದೆ, ನಾಲ್ಕಾರು ಕಾಲೇಜುಗಳ ನೆರವನ್ನು ಪಕ್ಕಪಕ್ಕ ಇಟ್ಟು ನೋಡಿ ಮೇ 1ರೊಳಗೆ ಉತ್ತರ ಕೊಡಬಹುದು. ಸೀಟಿನ ಅವಕಾಶ ಕೊಂಚ ಕಡಿಮೆ, ನಿಜ. ಆದರೂ ಹಣ ಹೊಂದಿಸಿ ನೋಡಲೇಬೇಕಾದ ನಿಮ್ಮಂಥ ಮನೆಗೆ ನನ್ನ ಒಲವು ಈ ದಾರಿಯ ಕಡೆಗೇ.

ಮೊದಲ ಸುತ್ತಿನಲ್ಲೇ ಹಾಕಬೇಕೆಂಬ ಹಟ ಇದ್ದರೆ ಬೇರೆ ಆಯ್ಕೆಗಳನ್ನೂ ಅವಳ ಮುಂದಿಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಮೊದಲ ಸುತ್ತಿನಲ್ಲಿ ಸಿಕ್ಕರೆ ಹೋಗಲೇಬೇಕೆಂಬ ಕಟ್ಟಿಲ್ಲ. ಆದರೆ ಅಲ್ಲಿ ಹಾಕಿದರೆ ಬೇರೆ ಖಾಸಗಿ ಕಾಲೇಜಿಗೆ ಮೊದಲ ಸುತ್ತಿನಲ್ಲಿ ಹಾಕುವಂತಿಲ್ಲ. ಡಾರ್ಟ್‌ಮತ್, ಬ್ರೌನ್‌ಗಳಲ್ಲಿ ಕಟ್ಟು ಇದೆ, ಆದರೆ ನೆರವು ಕೇಳಿದ್ದಕ್ಕೆ ವಿದೇಶಿ ಮಕ್ಕಳ ಅರ್ಜಿಯನ್ನು ಹಿಂದೆ ಸರಿಸುವುದಿಲ್ಲ. ಎಲ್ಲ ಕಡೆಯೂ ಪೈಪೋಟಿ ಭಯಂಕರ. ಪರ್ಡ್ಯೂ, ಇಲಿನಾಯ್ ತರಹದ ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ನವೆಂಬರ್ ಮೊದಲಲ್ಲೇ ಕಟ್ಟಿಲ್ಲದ ಅರ್ಜಿ ಹಾಕಬಹುದು, ಆದರೆ ವಿದೇಶಿ ಮಕ್ಕಳಿಗೆ ಅಲ್ಲಿ ನೆರವು ಹೆಚ್ಚೇನೂ ಸಿಗದು.

ಯಾವ ದಾರಿ ಹಿಡಿದರೂ ಕಾಗದಪತ್ರದ ಕೆಲಸ ಈಗಲೇ ಶುರುವಾಗಬೇಕು. ಅಮೆರಿಕದವರು ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಅಂಕಗಳನ್ನು ಕೇಳುತ್ತಾರೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿವರೆಗೆ ಒಂದು ಶಾಲೆ, ಪಿಯು ಇನ್ನೊಂದು ಕಡೆ. ಎರಡೂ ಕಡೆಯಿಂದ ದೃಢೀಕೃತ ಅಂಕಪಟ್ಟಿ ಬೇಕು. ಅವರು 'ಕೌನ್ಸೆಲರ್' ಎಂದು ಕರೆಯುವ ಹುದ್ದೆ ನಮ್ಮ ಬಹುತೇಕ ಪಿಯು ಕಾಲೇಜುಗಳಲ್ಲಿ ಇಲ್ಲ, ಆ ಕೆಲಸವನ್ನು ಪ್ರಾಂಶುಪಾಲರೋ ಹಿರಿಯ ಉಪನ್ಯಾಸಕರೋ ಮಾಡಬೇಕು. ಅವರಿಗೆ ಇದೆಲ್ಲ ಹೊಸದಾಗಿರಬಹುದು, ನಿಧಾನವಾಗಿ ವಿವರಿಸಿ. ದಸರಾ ರಜೆ ಶುರುವಾದರೆ ಯಾರೂ ಕೈಗೆ ಸಿಗುವುದಿಲ್ಲ. ಕಾರ್ನೆಲ್ ಈಗ ಮತ್ತೆ ಎಸ್‌ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ಕೇಳುತ್ತಿದೆ. ಬರೆದಿಲ್ಲದಿದ್ದರೆ ಅಕ್ಟೋಬರ್ ಪರೀಕ್ಷೆಗೆ ಈ ವಾರವೇ ಹೆಸರು ನೋಂದಾಯಿಸಿ.

ಡಿಸೆಂಬರ್ ಮಧ್ಯದಲ್ಲಿ ಬರುವ ಉತ್ತರ 'ಇಲ್ಲ' ಎಂದೂ ಆಗಿರಬಹುದು. ಆಮೇಲೆ ಜನವರಿಯ ಗಡುವಿಗೆ ಎರಡೇ ವಾರ. ಅತ್ತುಕೊಂಡು ಕೂತ ಮಗು ಆ ಎರಡು ವಾರದಲ್ಲಿ ಬೇರೆ ಅರ್ಜಿಗಳ ಜತೆ ಕೊಡಬೇಕಾದ ಏಳೆಂಟು ಪ್ರಬಂಧ ಬರೆಯಲಾರದು. ಉಳಿದ ಕಾಲೇಜುಗಳ ಅರ್ಜಿಗಳು ನವೆಂಬರ್‌ನಲ್ಲೇ ಸಿದ್ಧವಾಗಿರಲಿ. ಕೆಸಿಇಟಿಯನ್ನೂ ಬಿಡಿಸಬೇಡಿ. ಸೀಟು ಸಿಕ್ಕರೂ ಪಿಯು ಅಂಕ ಕುಸಿದರೆ ಅಲ್ಲಿನವರು ಸೀಟು ವಾಪಸು ಪಡೆಯಬಹುದು, ಆದ್ದರಿಂದ ಮಾರ್ಚ್‌ವರೆಗೆ ಓದು ನಿಲ್ಲುವಂತಿಲ್ಲ.

ಭಾವನವರಿಗೆ ಇದನ್ನೆಲ್ಲ ಹೇಳುವ ಹೊಣೆ ನಿಮ್ಮದಲ್ಲ. ಯಜಮಾನರೇ ಅವರ ಅಣ್ಣನಿಗೆ ಫೋನ್ ಮಾಡಲಿ: ನೆರವು ಬೇಕು ಎಂದೇ ತುಂಬುತ್ತೇವೆ, ನಮ್ಮ ಮಿತಿ ಇಷ್ಟು, ಮಗಳಿಗಾಗಿ ವರ್ಷಕ್ಕೆ ಇಷ್ಟು ಎಂದು ನೀನೂ ಕೊಡುವುದಾದರೆ ಈಗಲೇ ಹೇಳು, ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು. ಅವರು ಏನೇ ಉತ್ತರ ಕೊಟ್ಟರೂ ಆ ಕಾಗದದ ಮೇಲೆ ಅದನ್ನೂ ಬರೆದುಕೊಂಡು ಆಮೇಲೆ ಫಾರ್ಮು ತೆರೆಯಿರಿ.