ನಿಮ್ಮ ಹೋಂಸ್ಟೇಗೆ ನಿಮ್ಮದೇ ಸ್ಟಾಂಪು?

ಓದುಗರ ಪತ್ರ: ನಾನು ಸಕಲೇಶಪುರದ ಹತ್ತಿರ ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತಿದ್ದೇನೆ. ಅಪ್ಪನ ಹಳೇ ಆಲ್ಬಮ್ಮಿನಲ್ಲಿ ಒಂದು ನೀಲಿ ಸ್ಟಾಂಪು ಸಿಕ್ಕಿತು. ಅದರಲ್ಲಿ ಒಂದು ಹಕ್ಕಿ, ಜೊತೆಗೆ 'ಲಂಡಿ', 'ಒಂದು ಪಫಿನ್' ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಇದು ಯಾವ ದೇಶದ್ದು? ಸರ್ಕಾರದ್ದಲ್ಲ, ಖಾಸಗಿಯವರು ಮಾಡಿಸಿದ್ದು ಅಂತ ಒಬ್ಬರು ಹೇಳಿದರು. ಹಾಗಾದರೆ ನಾನೂ ನಮ್ಮ ಹೋಂಸ್ಟೇ ಚಿತ್ರ ಹಾಕಿಸಿ ಸ್ಟಾಂಪು ಮಾಡಿಸಬಹುದೇ? ಅತಿಥಿಗಳು ಬರೆಯುವ ಕಾರ್ಡಿಗೆ ಅಂಟಿಸಿದರೆ ಒಳ್ಳೆ ಪ್ರಚಾರ ಅಲ್ವಾ?

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯಿತು. ಆ ಸ್ಟಾಂಪನ್ನು ಮಾತ್ರ ಆಲ್ಬಮ್ಮಿನಿಂದ ಕಿತ್ತು ನೋಡಲು ಹೋಗಬೇಡಿ. ಕಿತ್ತರೆ ಹಿಂಬದಿಯ ಕಾಗದ ತೆಳ್ಳಗಾಗುತ್ತದೆ. ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಅಂತ ಆಸೆಯನ್ನೂ ಇಟ್ಟುಕೊಳ್ಳಬೇಡಿ.

ಲಂಡಿ ಒಂದು ದೇಶ ಅಲ್ಲವೇ ಅಲ್ಲ. ಇಂಗ್ಲೆಂಡಿನ ಡೆವನ್ ಕರಾವಳಿಯ ಆಚೆ ಇರುವ ದ್ವೀಪ, ಸುಮಾರು ಐದು ಕಿಲೋಮೀಟರ್ ಉದ್ದ. ಮಾರ್ಟಿನ್ ಕೋಲ್ಸ್ ಹಾರ್ಮನ್ ಎಂಬ ಶ್ರೀಮಂತರು 1920ರ ದಶಕದ ನಡುವೆ ಇಡೀ ದ್ವೀಪವನ್ನೇ ಕೊಂಡುಕೊಂಡರು. 1927ರ ಕೊನೆಗೆ ಬ್ರಿಟಿಷ್ ಅಂಚೆ ಇಲಾಖೆ ಅಲ್ಲಿನ ಕಚೇರಿ ಮುಚ್ಚಿತು. ಹಾರ್ಮನ್ ಎರಡು ವರ್ಷ ತಾವೇ ಪುಕ್ಕಟೆಯಾಗಿ ಕಾಗದ ಸಾಗಿಸಿದರು. ಆಮೇಲೆ, 1929ರ ನವೆಂಬರ್ 1ರಂದು, ಖರ್ಚು ಹುಟ್ಟಲಿ ಅಂತ ಸ್ಟಾಂಪು ತಂದರು. ಅರ್ಧ ಪಫಿನ್ನಿನದು ಗುಲಾಬಿ, ಒಂದು ಪಫಿನ್ನಿನದು ನೀಲಿ. ಪಫಿನ್ ಅಂದರೆ ಆ ದ್ವೀಪದಲ್ಲಿ ಗೂಡು ಕಟ್ಟುವ, ಬಣ್ಣದ ದಪ್ಪ ಕೊಕ್ಕಿನ ಕಡಲಹಕ್ಕಿ. ಬೆಲೆಯ ಲೆಕ್ಕದಲ್ಲಿ ಒಂದು ಪಫಿನ್ ಅಂದರೆ ಒಂದು ಪೆನ್ನಿ, ಬ್ರಿಟನ್ನಿನ ಚಿಲ್ಲರೆ ನಾಣ್ಯ.

ಹಾರ್ಮನ್ ಅಲ್ಲಿಗೇ ನಿಲ್ಲಲಿಲ್ಲ. ಒಂದು ಕಡೆ ತಮ್ಮ ಮುಖ, ಇನ್ನೊಂದು ಕಡೆ ಹಕ್ಕಿ ಇರುವ ನಾಣ್ಯವನ್ನೂ ಹೊಡೆಸಿದರು. ಅದಕ್ಕೆ ಕೇಸು ಬಿತ್ತು, 5 ಪೌಂಡ್ ದಂಡ ಕಟ್ಟಬೇಕಾಯಿತು. ಸ್ಟಾಂಪು ಮಾತ್ರ ಉಳಿಯಿತು. ಯಾಕೆ ಅಂದರೆ ಅದು ಬ್ರಿಟಿಷ್ ಅಂಚೆಯ ಸ್ಟಾಂಪಿನ ಜಾಗಕ್ಕೆ ಕೈ ಹಾಕಲಿಲ್ಲ. ದ್ವೀಪದಿಂದ ದಡದವರೆಗೆ ಕಾಗದ ಸಾಗಿಸಿದ ಕೂಲಿ ಅದು, ಅಷ್ಟೇ. ದಡದಿಂದ ಮುಂದಕ್ಕೆ ಬ್ರಿಟಿಷ್ ಸ್ಟಾಂಪು ಬೇಕೇ ಬೇಕಿತ್ತು. ಲಂಡಿಯದನ್ನು ತುಂಬಾ ಕಾಲ ಲಕೋಟೆಯ ಹಿಂಬದಿಗೆ ಅಂಟಿಸಬೇಕಾಗಿತ್ತು. ಈಗ ಮುಂದುಗಡೆ ಎಡಕ್ಕೆ ಜಾಗ ಸಿಕ್ಕಿದೆ. ಇವತ್ತಿಗೂ ಅಲ್ಲಿ ಈ ಸ್ಟಾಂಪು ಮಾರಾಟವಾಗುತ್ತದೆ, ಅದರ ಬೆಲೆಯಲ್ಲೇ ರಾಯಲ್ ಮೇಲ್, ಅಂದರೆ ಬ್ರಿಟಿಷ್ ಅಂಚೆಯ ಚಾರ್ಜೂ ಸೇರಿರುತ್ತದೆ.

ನಿಮಗೆ ಇನ್ನೂ ಹತ್ತಿರದ ಕಥೆ ಬೇಕಾದರೆ ಸ್ವಿಟ್ಜರ್ಲೆಂಡಿನ ರಿಗಿ ಬೆಟ್ಟದ್ದಿದೆ. 1864ರಲ್ಲಿ ರಿಗಿ ಕಾಲ್ಟ್‌ಬಾಡ್ ಎಂಬಲ್ಲಿನ ಹೋಟೆಲು ತನ್ನದೇ ಸ್ಟಾಂಪು ತಂದಿತು. ಆ ಬೆಟ್ಟಕ್ಕೆ ರೈಲು ಬಂದದ್ದೇ 1871ರಲ್ಲಿ. ಅಲ್ಲಿವರೆಗೆ ಅತಿಥಿಗಳು ಬರೆದ ಕಾಗದವನ್ನು ಯಾರಾದರೂ ಹೊತ್ತು ಕೆಳಗಿನ ಅಂಚೆ ಕಚೇರಿಗೆ ಮುಟ್ಟಿಸಬೇಕಾಗಿತ್ತು. ಹೋಟೆಲಿನ ಸ್ಟಾಂಪು ಆ ಇಳಿಜಾರಿನ ಕೂಲಿ. ನೋಡನೋಡುತ್ತ ಬೇರೆ ಬೆಟ್ಟದ ಹೋಟೆಲುಗಳೂ ಶುರು ಹಚ್ಚಿಕೊಂಡವು. 1883ರಲ್ಲಿ ಸ್ವಿಸ್ ಅಂಚೆ ಇಲಾಖೆ ಇದು ಸಾಕು ಎಂದು ನಿಲ್ಲಿಸಿಬಿಟ್ಟಿತು. ಆದರೆ ಅಷ್ಟರಲ್ಲಿ ಹೋಟೆಲಿನ ಹೆಸರು ಕಾಗದದ ಬೆನ್ನೇರಿ ಊರೂರು ಸುತ್ತಿತ್ತು. ನನಗೆ ಇಷ್ಟವಾಗುವುದು ಇದೇ. ಅವರದು ಸುಮ್ನೆ ಚಿತ್ರದ ಚೀಟಿ ಆಗಿರಲಿಲ್ಲ, ಒಬ್ಬ ಆಳು ಬೆಟ್ಟ ಇಳಿದ ರಸೀದಿ ಆಗಿತ್ತು. ಜಾಹೀರಾತು ಅದರ ಜೊತೆಗೇ ಬಿಟ್ಟಿ ಸವಾರಿ ಮಾಡಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಅಂಚೆ ಸ್ಟಾಂಪು ತರುವ ಹಕ್ಕು ಅಂಚೆ ಇಲಾಖೆಗೆ ಮಾತ್ರ. 2023ರ ಅಂಚೆ ಕಚೇರಿ ಕಾಯ್ದೆ ಅದನ್ನು ಬಿಡಿಸಿ ಹೇಳುತ್ತದೆ. ಸರ್ಕಾರದ್ದು ಅನ್ನಿಸುವಂಥ ಸುಳ್ಳು ಸ್ಟಾಂಪು ಮಾಡುವುದು, ಮಾರುವುದು ಭಾರತೀಯ ನ್ಯಾಯ ಸಂಹಿತೆಯ 186ನೇ ಸೆಕ್ಷನ್ ಪ್ರಕಾರ ಅಪರಾಧ. ದಂಡ 200 ರೂಪಾಯಿವರೆಗೆ. ಅಷ್ಟೇನಾ ಅಂತ ನಗಬೇಡಿ, ಮುದ್ರಿಸಿದ ಹಾಳೆಯೂ ಹೋಗುತ್ತದೆ, ಪೊಲೀಸ್ ಠಾಣೆ ಸುತ್ತುವುದೂ ತಪ್ಪುವುದಿಲ್ಲ.

ಹಾಗಂತ ಅಂದದ ಚೀಟಿ ಮಾಡಿಸಲು ಅಡ್ಡಿಯಿಲ್ಲ. ಅದರಲ್ಲಿ 'ಭಾರತ', 'ಅಂಚೆ', ರೂಪಾಯಿ ಬೆಲೆ, ಇದ್ಯಾವುದೂ ಬೇಡ. ಸರ್ಕಾರಿ ಸ್ಟಾಂಪಿನ ನಕಲು ಅನ್ನಿಸುವ ಚಿತ್ರವೂ ಬೇಡ. ಅದನ್ನು ವಿಳಾಸದ ಬದಿಗೆ ಹಾಕಬೇಡಿ, ಬರೆಯುವ ಬದಿಯಲ್ಲಿ ಒಂದು ಮೂಲೆಗೆ ಅಂಟಿಸಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಿಂದೊಮ್ಮೆ ನಮ್ಮ ಪತ್ರಿಕೆಯವರೂ ವಿಶೇಷಾಂಕಕ್ಕೆ ಇಂಥದ್ದೇ ಚೀಟಿ ಮಾಡಿಸಿ ಹಂಚಿದ್ದೆವು. ಸುತ್ತ ಹಲ್ಲು ಬೇರೆ ಕತ್ತರಿಸಿತ್ತು! ಚಂದಾದಾರರೊಬ್ಬರು ಅದನ್ನೇ ಬಲ ಮೂಲೆಗೆ ಅಂಟಿಸಿ ನಮಗೆ ಕಾಗದ ಹಾಕಿದರು. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು "ಬೇರಿಂಗ್ ಸಾರ್" ಎಂದರು. ಅಂದರೆ ಸರಿಯಾದ ಸ್ಟಾಂಪಿಲ್ಲದ ಕಾಗದ, ಪಡೆಯುವವರೇ ದುಡ್ಡು ಕಟ್ಟಬೇಕು. ದುಪ್ಪಟ್ಟು ಕಟ್ಟಿ ಬಿಡಿಸಿಕೊಂಡು ಒಡೆದು ನೋಡಿದರೆ, ಒಳಗೆ ನಮ್ಮ ಮುದ್ರಣದೋಷಗಳ ಪಟ್ಟಿ.

ಅಸಲಿ ಸ್ಟಾಂಪಿನ ಜೊತೆಗೇ ನಿಮ್ಮ ಚಿತ್ರ ಬರಬೇಕು ಅನ್ನುವುದಾದರೆ ಅಂಚೆ ಇಲಾಖೆಯ 'ಮೈ ಸ್ಟಾಂಪ್' ಇದೆ. ದೆಹಲಿಯಲ್ಲಿ 2011ರ ಇಂಡಿಪೆಕ್ಸ್ ಸ್ಟಾಂಪು ಪ್ರದರ್ಶನದಲ್ಲಿ ಶುರುವಾದದ್ದು. ಒಂದು ಹಾಳೆಯಲ್ಲಿ 12 ಸ್ಟಾಂಪು, ಪ್ರತಿ ಸ್ಟಾಂಪಿಗೂ ನೀವು ಕೊಟ್ಟ ಚಿತ್ರ ಹೊಂದಿಕೊಂಡಿರುತ್ತದೆ. ಮುಖಬೆಲೆಗಿಂತ ಜಾಸ್ತಿ ಕೊಡಬೇಕು. ಆದರೆ ಕಾಗದಕ್ಕೆ ಅಂಟಿಸಿದರೆ ನಡೆಯುತ್ತದೆ. ಕಂಪನಿಗಳೂ ಮಾಡಿಸುತ್ತವೆ. ದರ, ನಿಯಮ ಎಲ್ಲವನ್ನೂ ಹತ್ತಿರದ ಪ್ರಧಾನ ಅಂಚೆ ಕಚೇರಿಯಲ್ಲಿ ಕೇಳಿ.

ನನ್ನನ್ನು ಕೇಳಿದರೆ ರಿಗಿಯವರ ದಾರಿಯೇ ಚೆನ್ನ. ಅತಿಥಿಗಳ ಕೋಣೆಯಲ್ಲಿ ನಾಲ್ಕು ಕಾರ್ಡು, ಒಂದು ಪೆನ್ನು ಇಡಿ. ಬೆಳಗ್ಗೆ ಹಾಲಿಗೋ ತರಕಾರಿಗೋ ನಿಮ್ಮ ಜೀಪು ಪೇಟೆಗೆ ಇಳಿಯುತ್ತದಲ್ಲ, ಅದರಲ್ಲೇ ಕಾರ್ಡುಗಳನ್ನೂ ಒಯ್ದು ಡಬ್ಬಕ್ಕೆ ಹಾಕಿ. 'ಇಂಥ ತೋಟದಿಂದ ಜೀಪಿನಲ್ಲಿ ಇಳಿದು ಬಂದ ಕಾಗದ' ಅಂತ ಚೀಟಿಯಲ್ಲಿ ಒಂದು ಸಾಲು ಇರಲಿ, ಪಕ್ಕಕ್ಕೆ ಜೀಪಿನ ಚಿತ್ರ ಇದ್ದರೆ ಸಾಕು.

ಮೊದಲ ಕಾರ್ಡು ನಮ್ಮ ಕಚೇರಿಗೇ ಬರಲಿ. ಸರ್ಕಾರದ ಸ್ಟಾಂಪು ಹಚ್ಚುವುದು ಮಾತ್ರ ಮರೀಬೇಡಿ. ಇನ್ನೊಂದು ಸಲ ಬೇರಿಂಗ್ ಕಟ್ಟಲು ನಮ್ಮ ಮ್ಯಾನೇಜರು ಒಪ್ಪುವುದಿಲ್ಲ.